ಹಲಗೆ ಅನ್ನದ ಬೇಸಿಗೆ

ಬೀಟೆ ಮರಕ್ಕೆ ಬಿಸಿ ತಾಕಿದರೆ ಒಂದು ವಾಸನೆ ಬರುತ್ತದೆ. ಸಿಹಿ, ಸ್ವಲ್ಪ ಒಗರು, ಅಜ್ಜಿಯ ಕಾಲದ ಪೆಟ್ಟಿಗೆಯನ್ನು ಬಹಳ ದಿನದ ಮೇಲೆ ತೆಗೆದಂತೆ. ಗಿಟಾರ್ ಮಾಡುವ ನನಗೆ ಅದು ಅಡುಗೆಯವರಿಗೆ ಒಗ್ಗರಣೆಯ ವಾಸನೆ ಇದ್ದ ಹಾಗೆ, ದಿನಾ ಮೂಗಿಗೆ ಬಡಿಯುವಂಥದ್ದು. ಆದರೆ ಹೋದ ತಿಂಗಳು ಗೆಳತಿ ಸುಜಾತಾಳ ಗಿಟಾರಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಅದೇ ವಾಸನೆ ಎದ್ದು ಬಂತು ನೋಡಿ, ಸ್ವಿಚ್ ಆರಿಸಿ ಹೊರಗೆ ಬಂದು ನಿಂತುಬಿಟ್ಟೆ.

ರಿಪೇರಿಯೇನೋ ದೊಡ್ಡದಲ್ಲ. ಜಗಳೂರಿನ ಒಣ ಗಾಳಿಗೆ ಗಿಟಾರಿನ ಬೆನ್ನು ಮಗ್ಗುಲಿಗೆ ಸೇರುವ ಕಡೆ ಅಂಟು ಬಿಟ್ಟಿತ್ತು. ಬಿಸಿ ಕೊಟ್ಟು ಹಳೆಯ ಅಂಟು ತೆಗೆದು ಹೊಸದು ಹಾಕಿದರೆ ಆಯಿತು. ಒಳಗೆ ಹೋಗಿ ಮತ್ತೆ ಕೂತೆ. ಎಡ ಮಗ್ಗುಲಿನ ಮೇಲೆ ಕೈಯಾಡಿಸಿದೆ. ನಡುವಿನಲ್ಲಿ ಒಳಕ್ಕೆ ಸರಿದು ಮತ್ತೆ ಹೊರಕ್ಕೆ ಬರುವ ಆ ಬಾಗು ಎಲ್ಲಿಯೂ ಉಬ್ಬದೆ, ಎಲ್ಲಿಯೂ ಚಪ್ಪಟೆಯಾಗದೆ ಹಾಗೆಯೇ ಇತ್ತು. ನೋಡಿದವರೆಲ್ಲ ಅಲ್ಲಿಯೇ ಕೈಯಿಟ್ಟು ಹೊಗಳುತ್ತಾರೆ. ಅಂಥ ಬಾಗು ಆಮೇಲೆ ನನ್ನ ಕೈಯಲ್ಲಿ ಬಂದಿಲ್ಲ. ಬಾರದಿದ್ದರೇ ಒಳ್ಳೆಯದು ಎಂದೂ ಒಂದೊಂದು ಸಲ ಅನ್ನಿಸುತ್ತದೆ.

ನ್ಯಾಮತಿಯಲ್ಲಿ ಗಿಟಾರ್ ಮಾಡುತ್ತೇನೆ ಎಂದರೆ ಈಗ ಜನ ನಗುತ್ತಾರೆ. ಆಗ ನಗುವುದಕ್ಕೂ ತೋಚದೆ ಸುಮ್ಮನೆ ನೋಡುತ್ತಿದ್ದರು. ಬಿ.ಎಡ್. ಮುಗಿಸಿ ಮೇಷ್ಟ್ರಾಗುವುದು ಬಿಟ್ಟು, ದೂರದ ಊರೊಂದರ ಕಾರ್ಖಾನೆಯಲ್ಲಿ ಗಿಟಾರ್ ಕೆಲಸ ಕಲಿತು ಬಂದವಳು ನಾನು. ಅಪ್ಪ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದರು. 'ಬಿ.ಎಡ್. ಓದಿ ಬಡಗಿ ಆದ್ಳು' ಎಂದು ಒಂದು ಸಲ ಹೇಳಿ ಮಾತು ಬಿಟ್ಟರು. ಆಗ ನನ್ನ ಕೈ ಹಿಡಿದವರು ದೊಡ್ಡಪ್ಪ, ಅಪ್ಪನ ಅಣ್ಣ. ನ್ಯಾಮತಿಯಲ್ಲಿ ಅವರದು ಬೀಜ ಗೊಬ್ಬರದ ಅಂಗಡಿ. ಅಂಗಡಿಯ ಹಿಂದಿನ ಗೋಡೌನಿನಲ್ಲಿ ಅರ್ಧ ಖಾಲಿ ಮಾಡಿಸಿ, ಒಂದು ಫ್ಯಾನೂ ಹಾಕಿಸಿ, 'ಹುಡುಗಿ ಏನೋ ಮಾಡ್ತಾಳೆ, ಮಾಡ್ಲಿ ಬಿಡೋ' ಎಂದು ಅಪ್ಪನ ಬಾಯಿ ಮುಚ್ಚಿಸಿದರು. ಬಾಡಿಗೆಯ ಮಾತೆತ್ತಿದರೆ ಬೈಯುತ್ತಿದ್ದರು. ದೊಡ್ಡಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಗಿಟಾರಿನ ಮೈ ಹೆಣ್ಣಿನ ಮೈಯಂತೆ ಎಂದು ಗಂಡಸರು ಹೇಳುತ್ತಾರೆ. ನನಗಂತೂ ಅದು ಸೋರೆಬುರುಡೆಯಂತೆ ಕಾಣುತ್ತದೆ. ಅದರ ಸುತ್ತ ಗೋಡೆಯಂತೆ ನಿಲ್ಲುವ ಎರಡು ಮಗ್ಗುಲುಗಳಿರುತ್ತವೆ. ಎರಡೂ ಒಂದೇ ಮರದಿಂದ ಸೀಳಿದ ಜೋಡಿಯಾಗಬೇಕು, ಇಲ್ಲದಿದ್ದರೆ ಎಳೆಯೂ ಬಣ್ಣವೂ ಒಂದಕ್ಕೊಂದು ಹೊಂದುವುದಿಲ್ಲ. ಬೀಟೆಯಂಥ ಗಟ್ಟಿ ಮರವನ್ನು ರಟ್ಟಿನಷ್ಟು ತೆಳ್ಳಗೆ ಸೀಳಿ, ಬಿಸಿ ಕೊಟ್ಟು ಬಗ್ಗಿಸಬೇಕು. ಮೇಲಿನ, ಕೆಳಗಿನ ದೊಡ್ಡ ತಿರುವುಗಳು ಹೇಗೋ ಬರುತ್ತವೆ. ಮಧ್ಯದಲ್ಲಿ ಒಳಕ್ಕೆ ಬಾಗುವ ಜಾಗಕ್ಕೆ ನಾನು ನಡು ಎನ್ನುತ್ತೇನೆ. ಅಲ್ಲಿಯೇ ಅದು ಮುರಿಯುವುದು. ಹಪ್ಪಳ ಮುರಿದಂತೆ ಟಕ್ ಎನ್ನುತ್ತದೆ, ಅಷ್ಟೇ. ಎರಡರಲ್ಲಿ ಒಂದು ಹೋದರೆ ಜೋಡಿಯೇ ಹೋದಂತೆ.

ನಾನು ಕಲಿತ ಕಾರ್ಖಾನೆಯಲ್ಲಿ ಇದಕ್ಕೊಂದು ಕರೆಂಟಿನ ಯಂತ್ರವಿತ್ತು. ಪಟ್ಟಿಯನ್ನು ಒಳಗಿಟ್ಟು ತಿರುಪು ತಿರುಗಿಸಿದರೆ ಬಾಗಿ ಬರುತ್ತಿತ್ತು. ಅದನ್ನೇ ವಿದ್ಯೆ ಎಂದುಕೊಂಡು ಊರಿಗೆ ಬಂದೆ. ಇಲ್ಲಿ ನನ್ನ ಬಳಿ ಇದ್ದದ್ದು ಒಂದು ಕಬ್ಬಿಣದ ಪೈಪು, ಅದರೊಳಗೆ ಬೆಂಕಿ ಬಿಡಲು ಒಂದು ಗ್ಯಾಸ್ ಬರ್ನರ್. ಚನ್ನಗಿರಿಯಲ್ಲಿ ಹಳೇ ಮನೆ ಕಿತ್ತ ಸಾಮಾನು ಮಾರುವವರ ಬಳಿ ಬೀಟೆಯ ಬಾಗಿಲುವಾಡವೊಂದನ್ನು ತಂದು ಸೀಳಿಸಿದ್ದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಅದರಲ್ಲಿ ಬಹುಪಾಲು ಸೌದೆಯಾಗಿತ್ತು. ಉಳಿದದ್ದು ಒಂದೇ ಜೋಡಿ. ಅಂಥ ಮರ ಇನ್ನೊಮ್ಮೆ ಸಿಗುವ ಭರವಸೆ ಇರಲಿಲ್ಲ, ಮತ್ತೆ ಕೇಳಿದ್ದಕ್ಕೆ ಮಾರಿದವನು ಇಲ್ಲವೆಂದು ಕೈಯಾಡಿಸಿಬಿಟ್ಟಿದ್ದ.

ಆ ಗಿಟಾರು ಸುಜಾತಾಳಿಗೆ. ಬಿ.ಎಡ್. ಓದುವಾಗ ಇಬ್ಬರೂ ಹಾಸ್ಟೆಲಿನಲ್ಲಿ ಒಂದೇ ರೂಮಿನವರು. ಅವಳು ಜಗಳೂರಿನವಳು, ಆಗ ಹೊನ್ನಾಳಿಯಲ್ಲಿ ಹೈಸ್ಕೂಲ್ ಟೀಚರ್. ಹಾಡುತ್ತಾಳೆ. ಬುದ್ಧ ಪೂರ್ಣಿಮೆಗೆ ಅವರ ಕೇರಿಯ ಹುಡುಗಿಯರ ತಂಡ ಕಟ್ಟಿ ಹಾಡಿಸುತ್ತಾಳೆ. ಹೆರಿಗೆಗೆ ಮೊದಲೇ ಹೇಳಿದ್ದಳು, 'ಆರು ತಿಂಗಳು ರಜೆ ಐತೆ. ಕೂಸು ಮಲಗಿದಾಗೆಲ್ಲ ಕಲೀತೀನಿ.' 'ಕೂಸು ಮಲಗಿದಾಗ ನೀನೂ ಮಲಗ್ತಿ' ಎಂದಿದ್ದೆ. ನಾನು ನನ್ನದೇ ಎಂದು ಮಾಡುವ ಮೊದಲ ಗಿಟಾರು ಅದು. ಅದು ಆಗದಿದ್ದರೆ ಅಪ್ಪ ಅಂದದ್ದು ನಿಜವಾಗುತ್ತಿತ್ತು.

ಮಗು ನೋಡಲು ಹೊನ್ನಾಳಿಗೆ ಹೋದೆ. ಬಾಣಂತನಕ್ಕೆ ಅವಳ ಅಪ್ಪ ಅಮ್ಮ ಜಗಳೂರಿನಿಂದ ಬಂದಿದ್ದರು. ಅಪ್ಪ ಹನುಮಂತಪ್ಪ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ಆಗಷ್ಟೇ ನಿವೃತ್ತಿಯಾದವರು. ಬಾಣಂತಿ ಮನೆಯಲ್ಲಿ ಗಂಡಸರಿಗೆ ಏನು ಕೆಲಸ? ಹೊರಗಿನ ಕೋಣೆಯಲ್ಲಿ ಕೂತು ಗೋಡೆಯ ಫ್ಯಾನು ಬಿಚ್ಚಿ, ಮತ್ತೆ ಜೋಡಿಸಿ, ಮತ್ತೆ ಬಿಚ್ಚುತ್ತಿದ್ದರು. ನಾನು ಒಳಗೆ ಕೂತು ಮುರಿದ ಮಗ್ಗುಲುಗಳ ಗೋಳು ತೋಡಿಕೊಂಡಾಗ ಸುಜಾತಾ ದನಿ ತಗ್ಗಿಸಿದಳು.

'ನಮ್ಮಪ್ಪಗೆ ಬಗ್ಗಿಸಾಕೆ ಬರ್ತೈತೆ. ಸಣ್ಣೋರಿದ್ದಾಗ ನಮ್ಮಜ್ಜನ ಜೋಡಿ ಹಲಗೆಗೆ ಬಳೆ ಬಗ್ಗಿಸ್ತಿದ್ರು. ಆದ್ರೆ ಶೈಲಿ, ಅವ್ರ ಮುಂದೆ ಹಲಗೆ ಅನ್ನಬ್ಯಾಡ. ಆ ಮಾತೇ ಎತ್ತಬ್ಯಾಡ.'

ನಮ್ಮ ಕಡೆ ಹಲಗೆ ಎಂದರೆ ಮರದ ಹಲಗೆಯೂ ಹೌದು, ಸಾವಿಗೂ ಹಬ್ಬಕ್ಕೂ ಬಾರಿಸುವ ಚರ್ಮದ ಹಲಗೆಯೂ ಹೌದು. ಆ ಚರ್ಮ ಬಿಗಿಯುವ ಮರದ ಬಳೆಯನ್ನು ಅವಳ ಅಜ್ಜ ಮಾಡುತ್ತಿದ್ದರಂತೆ. ಜಗಳೂರಿನ ಹತ್ತಿರದ ಹಳ್ಳಿ. ಯಾರದೇ ಮನೆಯಲ್ಲಿ ಹೆಣ ಬಿದ್ದರೂ, ಯಾವ ಹೊತ್ತಿನಲ್ಲಿ ಕರೆದರೂ ಅಜ್ಜ ಹೋಗಿ ಬಾರಿಸಬೇಕು. ಕೊಟ್ಟಿದ್ದನ್ನು ಪಂಚೆಯ ಸೆರಗಿನಲ್ಲೋ ಟವೆಲಿನಲ್ಲೋ ಹಿಡಿದುಕೊಂಡು ಬರಬೇಕು. ಹನುಮಂತಪ್ಪನವರಿಗೆ ಕೆಲಸ ಸಿಕ್ಕ ಮೇಲೆ ಕೇರಿಯವರೆಲ್ಲ ಸೇರಿ ಬುದ್ಧನ ಪಟ ಇಟ್ಟುಕೊಂಡು, ಇನ್ನು ಯಾರ ಬಾಗಿಲಿಗೂ ಹಲಗೆ ತೆಗೆದುಕೊಂಡು ಹೋಗುವುದಿಲ್ಲ ಎಂದು ನಿಶ್ಚಯ ಮಾಡಿದರು. ಇದ್ದ ಹಲಗೆಗಳನ್ನೆಲ್ಲ ಒಟ್ಟಿ ಸುಟ್ಟರು. ಊರವರು ಕೂಲಿ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಅದನ್ನೂ ತಾಳಿಕೊಂಡರು.

ಇಷ್ಟು ಕೇಳಿದ ಮೇಲೆ ನಾನು ಸುಮ್ಮನೆ ಎದ್ದು ಬರಬೇಕಿತ್ತು. ಆದರೆ ನನ್ನ ತಲೆಯಲ್ಲಿ ಆ ಕೊನೆಯ ಜೋಡಿಯೇ ಕೂತಿತ್ತು. ಹೊರಗೆ ಬಂದು ಫ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.

'ಅಂಕಲ್, ಬೀಟೆ ಪಟ್ಟಿ ಬಗ್ಗಿಸ್ಬೇಕು. ನಡುವಿನಾಗೆ ಮುರೀತಾ ಐತೆ. ಒಂದ್ಸಲ ಬಂದು ನೋಡ್ತೀರಾ?'

ಅವರು ಒಳಗಿನ ಬಾಗಿಲ ಕಡೆ ನೋಡಿದರು, ಆಮೇಲೆ ನನ್ನನ್ನು. ಎಲ್ಲವೂ ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತದೆ.

'ನಡು ಬಗ್ಗಿಸೋದಾ?' ಎಂದರು. 'ನಮ್ಮಪ್ಪ ಇರೋತನ ಅದೇ ಮಾಡ್ದ. ನಾನು ಬಿಟ್ಟೆ. ಕಟ್ಟಿಗೆದಾದ್ರೆ ಬಗ್ಗಿಸೋಣಂತೆ ನಡಿ, ಅದ್ಕೇನು ಬ್ಯಾಸರ ಆಗಲ್ಲ.'

ಮಾರನೆಯ ದಿನದಿಂದ ಹೊನ್ನಾಳಿಯ ಬಸ್ಸಿಗೆ ಬರತೊಡಗಿದರು. ಬೆಳಿಗ್ಗೆಯೇ ಗೋಡೌನಿನ ತಗಡು ಕಾದು ಚಟಚಟ ಎನ್ನುತ್ತಿತ್ತು. ಆಚೆ ಬದಿಯಲ್ಲಿ ಯೂರಿಯಾ ಚೀಲ, ಈಚೆ ಬದಿಯಲ್ಲಿ ನನ್ನ ಪೈಪು. ಬೆವರು ಒರೆಸಿಕೊಳ್ಳಲು ಅವರದೊಂದು ಕೆಂಪು ಟವೆಲು. ಹಳ್ಳಿಯವರು ಎಂದರೆ ಮಾತು ಕಮ್ಮಿ, ತಾಳ್ಮೆ ಜಾಸ್ತಿ ಎಂದುಕೊಂಡವರು ಹನುಮಂತಪ್ಪನವರನ್ನು ನೋಡಬೇಕು. ನನ್ನನ್ನು ಬೈದರು, ಪೈಪನ್ನು ಬೈದರು, ಮರವನ್ನು ಕಡಿದವನನ್ನು ಬೈದರು. ಬೈಯುವಾಗ ನನಗೆ ಹಾಸ್ಟೆಲಿನಲ್ಲಿ ಸುಜಾತಾ ಬೈದಂತೆಯೇ ಕೇಳುತ್ತಿತ್ತು. 'ನೀನು ಓದಿದ್ದು ಬಿ.ಎಡ್.ಏ ಏನಮ್ಮ, ಮಕ್ಳು ಪುಣ್ಯ ಮಾಡಿದ್ವು' ಎಂದರು ಒಂದು ದಿನ.

ಹಾಗೆಂದು ಅವರಿಗೆ ಎಲ್ಲ ಗೊತ್ತಿತ್ತು ಎಂದಲ್ಲ. ಮೊದಲು ಮಾಡಿದ್ದೇ ತಪ್ಪು. ಅವರ ಅಪ್ಪ ಹಸಿ ಮರದ ಪಟ್ಟಿ ತಂದು, ನೆನೆಹಾಕಿ, ಕೆಂಡದ ಮೇಲೆ ಕಾಸಿ, ಒರಳುಕಲ್ಲಿನ ಸುತ್ತ ಬಗ್ಗಿಸಿ ಕಟ್ಟುತ್ತಿದ್ದರಂತೆ. ಇಲ್ಲಿಯೂ ಹಾಗೆಯೇ ಮುರಿದ ತುಂಡುಗಳನ್ನು ರಾತ್ರಿಯಿಡೀ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿಟ್ಟರು. ಬೆಳಿಗ್ಗೆ ನೋಡಿದರೆ ಪಟ್ಟಿಗಳು ಅಲೆಯಲೆಯಾಗಿ ಸೊಟ್ಟಗಾಗಿದ್ದವು. ಪೈಪಿಗೆ ಹಿಡಿದ ಕೂಡಲೇ ಎಳೆ ಎದ್ದು ಸೀಳಿದವು. ಅವರು ಬಹಳ ಹೊತ್ತು ಆ ಸೀಳನ್ನೇ ನೋಡುತ್ತಾ ಕೂತಿದ್ದರು.

'ಇದು ಹಸಿದಲ್ಲಮ್ಮ. ಸತ್ತು ಒಣಗಿ ಯಾವ ಕಾಲಾತೋ. ಈಗ ನೀರು ಕುಡಿಸಿದ್ರೆ ಎದ್ದು ಕುಂದ್ರುತೈತೇನು?'

ಅಲ್ಲಿಂದ ಇಬ್ಬರೂ ಸೇರಿ ಮೊದಲಿನಿಂದ ಕಲಿತೆವು. ಮುಳುಗಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆವು. ಪೈಪಿನ ಮೇಲೆ ನೀರು ಚಿಮುಕಿಸಿದರೆ ಹನಿ ಅಲ್ಲಿಯೇ ಆರಬಾರದು, ಉರುಳಿ ಓಡಬೇಕು, ಆಗ ಬಿಸಿ ಸರಿ ಎಂಬುದು ನನಗೆ ಗೊತ್ತಿತ್ತು. ಹೊರಗಿನ ಮೈಗೆ ಕಬ್ಬಿಣದ ತೆಳು ಪಟ್ಟಿಯನ್ನು ಒತ್ತಿ ಹಿಡಿದರೆ ಎಳೆ ಏಳುವುದಿಲ್ಲ ಎಂಬುದು ಅವರಿಗೆ ಹೊಳೆಯಿತು. ದೊಡ್ಡಪ್ಪನ ಅಂಗಡಿಗೆ ಬಂದ ಪೆಟ್ಟಿಗೆಯೊಂದಕ್ಕೆ ಬಿಗಿದಿದ್ದ ಉಕ್ಕಿನ ಪಟ್ಟಿಯನ್ನು ಬಿಚ್ಚಿ, ಅಂಚು ಉಜ್ಜಿ, ಎರಡೂ ತುದಿಗೆ ಹಿಡಿ ಕಟ್ಟಿದರು. ನಾನು ಅವಸರದವಳು. ಒತ್ತುತ್ತಿದ್ದೆ. ಅವರು ನನ್ನ ಮೊಣಕೈ ತಟ್ಟುತ್ತಿದ್ದರು.

'ಒತ್ತಬ್ಯಾಡ. ಕೇಳ್ಕೋತ ಹೋಗು. ಅದು ಹೂಂ ಅನ್ನೋತನ ನೀನೂ ಸುಮ್ನಿರು.'

ನಿಜಕ್ಕೂ ಅದು ಹೂಂ ಅನ್ನುತ್ತದೆ. ಇಷ್ಟು ಹೊತ್ತು ಸೆಡೆತುಕೊಂಡಿದ್ದ ಮರ ಒಂದು ಗಳಿಗೆಯಲ್ಲಿ ಅಂಗೈಯಲ್ಲಿ ಸಡಿಲವಾಗುತ್ತದೆ. ಆ ಗಳಿಗೆಯಲ್ಲಿ ಕೈ ಎತ್ತಬಾರದು, ಅವಸರವನ್ನೂ ಮಾಡಬಾರದು. ಎತ್ತಿದರೆ ಅರ್ಧ ಬಾಗಿದ ಕಡೆ ತಣಿದು ಬಿಗಿಯುತ್ತದೆ, ಮತ್ತೆ ಬಗ್ಗಿಸಲು ಹೋದರೆ ಅಲ್ಲಿಯೇ ಮುರಿಯುತ್ತದೆ.

ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಇದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಳ್ಳುತ್ತಿದ್ದೆವು. ಒಂದು ಮಾತನ್ನು ಮಾತ್ರ ಬಾಯಿಗೆ ಬಾರದಂತೆ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಮರದ ಕೆಲಸದವಳಿಗೆ ದಿನಕ್ಕೆ ಎಷ್ಟು ಸಲ ಹಲಗೆ ಅನ್ನಬೇಕಾಗುತ್ತದೆ ಎಂದು ಆಗಲೇ ನನಗೆ ತಿಳಿದದ್ದು. ಪಟ್ಟಿ ಎಂದೆ, ಪೀಸು ಎಂದೆ, ಕಟ್ಟಿಗೆ ಎಂದೆ. ಒಮ್ಮೆ ಬಾಯಿ ತಪ್ಪಿ 'ಅಂಕಲ್, ಆ ಹಲ...' ಎಂದವಳು 'ಹಲಸಿನ ಹಣ್ಣು ತರ್ಲಾ?' ಎಂದು ತಿರುಗಿಸಿದೆ.

'ಈಗೆಲ್ಲಿ ಹಲಸು? ಇನ್ನೂ ಕಾಯೇ ಬಲಿತಿಲ್ಲ' ಎಂದರು. ಟವೆಲಿನಲ್ಲಿ ಮುಖ ಒರೆಸಿಕೊಳ್ಳುವಾಗ ನಗುತ್ತಿದ್ದುದು ಕಂಡಿತು.

ದೊಡ್ಡಪ್ಪನಿಗೂ ಅವರಿಗೂ ಒಳ್ಳೆಯ ಸ್ನೇಹವಾಗಿತ್ತು. ಬಂದ ಮೊದಲ ವಾರವೇ ಹನುಮಂತಪ್ಪನವರು ದೊಡ್ಡಪ್ಪನ ಹಳೇ ಜೀಪಿನ ಸದ್ದು ಕೇಳಿಯೇ ಏನು ಕೆಟ್ಟಿದೆ ಎಂದು ಹೇಳಿ ಸರಿ ಮಾಡಿಕೊಟ್ಟಿದ್ದರು. 'ಬರ್ರಿ ಹನುಮಂತಪ್ಪನೋರೆ, ಚಾ ತಗಳ್ರಿ, ನೀವಿಲ್ದಿದ್ರೆ ನಮ್ ಜೀಪು ಗುಜರಿಗೆ ಹೋಗ್ತಿತ್ತು ನೋಡ್ರಿ' ಎಂದು ದಿನಾ ಕರೆದು ಕೂರಿಸುತ್ತಿದ್ದರು. ಹೆಸರು ಹನುಮಂತಪ್ಪ, ಊರು ಜಗಳೂರು, ಕೆಲಸ ಬಸ್ ಡಿಪೋದ್ದು. ಮಿಕ್ಕಿದ್ದನ್ನು ದೊಡ್ಡಪ್ಪ ತಮಗೆ ಬೇಕಾದಂತೆ ಊಹಿಸಿಕೊಂಡಿದ್ದರು. ಅದು ನನಗೆ ಗೊತ್ತಿತ್ತು. ಹನುಮಂತಪ್ಪನವರಿಗೂ ಗೊತ್ತಿತ್ತು.

ಯುಗಾದಿ ಕಳೆದು ಕೊನೆಯ ಜೋಡಿಗೆ ಕೈ ಹಾಕಿದೆವು. ಬಲ ಮಗ್ಗುಲನ್ನು ಅವರು ಬಗ್ಗಿಸಿದರು. ಒಂದೇ ಸಲಕ್ಕೆ ಬಂತು. ಅಚ್ಚಿನಲ್ಲಿ ಬಿಗಿದಿಟ್ಟು, 'ನಾಳೆ ನಿಂದು' ಎಂದರು. 'ನಾನು ಕುಂತು ನೋಡ್ತೀನಿ, ಮುಟ್ಟಲ್ಲ.'

ಮರುದಿನ ಎಡ ಮಗ್ಗುಲನ್ನು ಪೈಪಿಗೆ ಹಿಡಿದೆ. ಅವರು ಸ್ಟೂಲಿನ ಮೇಲೆ ಕೂತಿದ್ದರು. ಆ ವಾಸನೆ ಏಳತೊಡಗಿತ್ತು. ಆಗ ದೊಡ್ಡಪ್ಪ ಬಂದರು. ಅವರ ಮಗನ ಮದುವೆ ಹತ್ತಿರ ಬಂದಿತ್ತು, ಕಂಕುಳಲ್ಲಿ ಲಗ್ನಪತ್ರಿಕೆಗಳ ಕಟ್ಟಿತ್ತು. ಒಂದನ್ನು ಎತ್ತಿ, ಮೇಲೆ ಹೆಸರು ಬರೆಯಲು ಪೆನ್ನು ತೆಗೆದರು.

'ಹನುಮಂತಪ್ಪನೋರೆ, ಮನೆಮಂದಿಯೆಲ್ಲ ಬರ್ಬೇಕು ನೋಡ್ರಿ. ಮಗಳು, ಅಳಿಯ, ಕೂಸು, ಎಲ್ಲರೂ.'

'ಬರಾನ ಬಿಡ್ರಿ' ಎಂದರು ಅವರು.

ದೊಡ್ಡಪ್ಪ ನನ್ನ ಕೈಯನ್ನೇ ನೋಡುತ್ತಾ ನಿಂತರು. ಮರ ಅದೇ ಆಗ ಹೂಂ ಅನ್ನತೊಡಗಿತ್ತು. ನಡು ಮೆಲ್ಲಗೆ ಒಳಕ್ಕೆ ಬರುತ್ತಿತ್ತು.

'ಅಲ್ಲಲೇ ಶೈಲಿ, ಇಷ್ಟು ಗಟ್ಟಿ ಹಲಗೆ ಹಿಂಗೆ ಬಗ್ಗಿಸಾಕೆ ಎಲ್ಲಿ ಕಲ್ತೆ?'

ಅವರು ಕೇಳಿದ್ದು ಮರದ ಹಲಗೆ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಆ ಹೆಮ್ಮೆಯಲ್ಲಿ ಹನುಮಂತಪ್ಪನವರಿಗೂ ಪಾಲು ಕೊಡಬೇಕು ಎನ್ನಿಸಿತು. ಒಂದು ಬೇಸಿಗೆಯಿಡೀ ಕಚ್ಚಿ ಹಿಡಿದಿದ್ದು ಆ ಹಲಗೆ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಜಾರಿತು.

'ಇವರೇ ಕಲಿಸಿದ್ದು ದೊಡ್ಡಪ್ಪ. ಇವರ ತಂದೆ ಹಲಗೆ ಬಳೆ ಬಗ್ಗಿಸ್ತಿದ್ರು. ಅವರ ಕೈ ಇವರಿಗೆ ಬಂದೈತೆ.'

ದೊಡ್ಡಪ್ಪ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ನಕ್ಕರು. ಕೊಂಕಿನ ನಗುವಲ್ಲ, ಬೇಕಾದ ಸಾಮಾನು ಮನೆಯಲ್ಲಿಯೇ ಸಿಕ್ಕಿದಾಗ ನಗುತ್ತಾರಲ್ಲ, ಅಂಥದ್ದು.

'ಹಂಗಾ? ಮೊದ್ಲೇ ಹೇಳಬಾರ್ದಾ ಮಾರಾಯ. ಮೆರವಣಿಗೆಗೆ ಹಲಗೆಯೋರು ಸಿಗವಲ್ರು ಅಂತ ಒಂದು ತಿಂಗ್ಳಿಂದ ಹುಡುಕಾಕತ್ತೀನಿ. ನೀನೇ ನಿಮ್ಮ ಪೈಕಿ ನಾಕ್ ಜನ ಕರ್ಕಂಡು ಬಂದ್ಬಿಡು. ನಿಂಗೂ ಬಾರ್ಸಾಕೆ ಬರ್ತೈತಲ್ಲ?'

ಮುಂದೆ ಬಂದ ಚಹಾ ಅದೇ ಸ್ಟೀಲ್ ಲೋಟದಲ್ಲಿಯೇ ಬಂತು. ಕೂರಲು ಇದ್ದ ಸ್ಟೂಲೂ ಅದೇ. ದೊಡ್ಡಪ್ಪ ಅಂಥವರಲ್ಲ. ಬದಲಾದದ್ದು ಒಂದೇ, ಈಗಷ್ಟೇ ಅಂದಿದ್ದ 'ನೀವು' ಹೋಗಿ 'ನೀನು' ಆಗಿತ್ತು. ಅತಿಥಿಯಾಗಿ ಕರೆಸಿಕೊಂಡವರು ಒಂದೇ ಮಾತಿನಲ್ಲಿ ಮದುವೆಯ ಕೆಲಸದವರಾಗಿದ್ದರು. ಹನುಮಂತಪ್ಪನವರು ತಮಗಿಂತ ಚಿಕ್ಕವರು ಎಂದಾಗಲಿ, ಸಲುಗೆ ಬೆಳೆಯಿತು ಎಂದಾಗಲಿ ಅಲ್ಲ. ನಾನು ಮಾಡಿದ ಹೊಗಳಿಕೆಯಿಂದ ಆಗಿದ್ದು.

ನಾನು ತಿರುಗಿ ಹೇಳಬೇಕಿತ್ತು. ದೊಡ್ಡಪ್ಪ, ಅವರು ನನ್ನ ಗುರು, ನೀವು ಅನ್ನಿ, ಎನ್ನಬೇಕಿತ್ತು. ಆದರೆ ಕೈಯಲ್ಲಿ ಕೊನೆಯ ಪಟ್ಟಿ ಇತ್ತು, ಅದು ಸಡಿಲವಾಗಿ ನನ್ನ ಅಂಗೈಯಲ್ಲಿ ಬಾಗುತ್ತಿತ್ತು. ತಿರುಗಿದರೆ ಮುರಿಯುತ್ತಿತ್ತು. ನನ್ನ ಕೈ ಒಂದಿಷ್ಟು ಅಲುಗಿತು. ಅಷ್ಟರಲ್ಲಿ ಹಿಂದಿನಿಂದ ಹನುಮಂತಪ್ಪನವರ ದನಿ ಬಂತು.

'ಕೈ ಬಿಡಬ್ಯಾಡಮ್ಮ. ನಡು ಬರ್ತಾ ಐತೆ.'

ಆಮೇಲೆ ದೊಡ್ಡಪ್ಪನಿಗೆ, ಮೊದಲಿನದೇ ದನಿಯಲ್ಲಿ, 'ಇಲ್ರಿ ಯಜಮಾನ್ರೆ. ನಂಗೆ ಬರಂಗಿಲ್ಲ. ನಾನು ಇಂಜಿನ್ ಕೆಲಸದೋನು' ಎಂದರು.

'ರಕ್ತದಾಗಿರೋದು ಎಲ್ಲಿಗೆ ಹೋಗ್ತೈತೆ ಬಿಡು. ಯೋಚ್ನೆ ಮಾಡಿ ಹೇಳು' ಎಂದು ದೊಡ್ಡಪ್ಪ ಲಗ್ನಪತ್ರಿಕೆಯನ್ನು ಬೆಂಚಿನ ಮೇಲಿಟ್ಟು ಹೋದರು. ಹೆಸರು ಬರೆದಿರಲಿಲ್ಲ.

ನಾನು ಕೈ ಬಿಡಲಿಲ್ಲ. ನಡು ಬಂತು. ಇಬ್ಬರೂ ಸೇರಿ ಅಚ್ಚಿಗೆ ಇಳಿಸಿ ತಿರುಪು ಬಿಗಿದೆವು. ಕೂದಲೆಳೆಯಷ್ಟು ಸಂದೂ ಇಲ್ಲದೆ ಕೂತಿತು. ಅವರು ಬೆರಳಿನಿಂದ ಒಮ್ಮೆ ಸವರಿ, 'ಚಲೋ ಬಂತು' ಎಂದರು. ತೊಟ್ಟಿಯಲ್ಲಿ ಕೈ ತೊಳೆದು, ಟವೆಲು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ಉಕ್ಕಿನ ಪಟ್ಟಿಯನ್ನು ಬಿಟ್ಟುಹೋಗಿದ್ದರು. ಲಗ್ನಪತ್ರಿಕೆಯನ್ನೂ.

ಮಾರನೆಯ ದಿನ ಬರಲಿಲ್ಲ. ಸುಜಾತಾಳಿಗೆ ಫೋನ್ ಮಾಡಿದೆ. 'ಅಪ್ಪ ಜಗಳೂರಿಗೆ ಹೋದ್ರು. ಇಲ್ಲಿ ಸೆಕೆ ತಡಿಯಾಕಾಗಲ್ಲ ಅಂದ್ರು' ಎಂದಳು. ಹೊನ್ನಾಳಿಯ ಸೆಕೆ ತಾಳದೆ ಅದಕ್ಕಿಂತ ಸುಡುವ ಜಗಳೂರಿಗೆ ಹೋದವರು ಅವರೊಬ್ಬರೇ ಇರಬೇಕು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. 'ಹೂಂ' ಎಂದು, ಮಗು ಅಳುತ್ತಿದೆ ಎಂದು ಫೋನ್ ಇಟ್ಟಳು.

ದೊಡ್ಡಪ್ಪನ ಮಗನ ಮದುವೆಗೆ ಕೊನೆಗೆ ದಾವಣಗೆರೆಯಿಂದ ಬ್ಯಾಂಡಿನವರು ಬಂದರು. ನಾನೂ ಹೋಗಿದ್ದೆ. ಹೋಳಿಗೆ ತಿಂದೆ. ಊಟದ ಸಾಲಿನಲ್ಲಿ ದೊಡ್ಡಪ್ಪ, 'ಆ ನಿನ್ನ ಮೆಕ್ಯಾನಿಕ್ಕು ಬರ್ಲೇ ಇಲ್ಲಲ್ಲೇ' ಎಂದರು. 'ಅವರು ಊರಿಗೆ ಹೋದರು' ಎಂದೆ. ಅವರು ಎಂಬುದನ್ನು ಒತ್ತಿ ಹೇಳಿದೆ. ಅದನ್ನು ನಾನು ಮಾತ್ರ ಕೇಳಿಸಿಕೊಂಡೆ ಎಂದು ಕಾಣುತ್ತದೆ.

ಮಳೆ ಹಿಡಿಯುವ ಹೊತ್ತಿಗೆ ಗಿಟಾರು ಮುಗಿಯಿತು. ಅಪ್ಪ ನೋಡಲು ಬಂದು, ನಡುವಿನ ಮೇಲೆ ಕೈಯಿಟ್ಟು, 'ಇದನ್ನ ನೀನೇ ಮಾಡಿದ್ಯಾ?' ಎಂದು ಕೇಳಿ ಮತ್ತೆ ಮಾತು ಶುರು ಮಾಡಿದರು. ನಾನು ಎಷ್ಟೋ ದಿನದಿಂದ ಕಾದಿದ್ದ ಮಾತು. ಖುಷಿಯಾಗಬೇಕಿತ್ತು. ಗಿಟಾರನ್ನು ಸುಜಾತಾಳಿಗೆ ಕೊಟ್ಟು, ಅಲ್ಲಿಂದ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಮೆಕ್ಕೆಜೋಳ ಮೊಳಕೆಯೊಡೆದಿತ್ತು. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾ ಕೂತಿದ್ದೆ.

ಹನುಮಂತಪ್ಪನವರು ಬಾಗಿಲಿಗೆ ಬಂದರು. 'ಬರ್ರಿ ಶೈಲಮ್ಮನೋರೆ. ಕುಂದ್ರಿ' ಎಂದರು.

ಬರ್ರಿ, ಕುಂದ್ರಿ. ಒಂದು ಬೇಸಿಗೆಯಿಡೀ ನನ್ನನ್ನು ಮಗಳಂತೆ ನೀನು ಎಂದು ಬೈದವರು. ಆ ಮರ್ಯಾದೆಯಲ್ಲಿ ನನ್ನ ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು. ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, 'ಅಂಕಲ್, ತಪ್ಪಾಯ್ತು' ಎಂದೆ.

'ತಪ್ಪಾತು ಅನ್ನಬ್ಯಾಡ್ರಿ' ಎಂದರು ಮೆತ್ತಗೆ. 'ನೀವು ತಪ್ಪಾತು ಅಂದ್ರೆ, ನಾನು ಆತು ಬಿಡ್ರಿ ಅನ್ನಬೇಕು. ಅದೂ ನಂಗೇ ಒಂದು ಕೆಲಸ ಹಚ್ಚಿದಂಗೆ ಆತಲ್ಲ.'

ಚಹಾ ಕೊಟ್ಟರು. ಮಳೆಯ ವಿಷಯ ಮಾತಾಡಿದರು. ಬಸ್ಸಿನವರೆಗೂ ಬಂದು ಹತ್ತಿಸಿದರು.

ಆಮೇಲಿನ ವರ್ಷಗಳಲ್ಲಿ ಅವರನ್ನು ನೋಡಿದಾಗಲೆಲ್ಲ ಅದೇ ರೀ, ಅದೇ ಮರ್ಯಾದೆ. ನಾನೂ ನನಗೊಂದು ಸಮಾಧಾನ ಮಾಡಿಕೊಂಡಿದ್ದೆ. ಕೈ ಬಿಡಬೇಡ ಎಂದವರು ಅವರೇ ಅಲ್ಲವೇ? ನಾನು ಮಾತಾಡುವವಳಿದ್ದೆ, ನನ್ನ ಕೈ ಅಲುಗಿದ್ದು ಅವರಿಗೆ ಕಂಡಿತು, ಮರ ಮುರಿಯಬಾರದು ಎಂದು ಅವರೇ ತಡೆದರು. ರಾತ್ರಿ ನಿದ್ದೆ ಬಾರದಿದ್ದರೆ ಇದನ್ನೇ ತಿರುಗಿ ತಿರುಗಿ ಹೇಳಿಕೊಳ್ಳುತ್ತಿದ್ದೆ. ದೊಡ್ಡಪ್ಪನ ಗೋಡೌನಿನಲ್ಲಿಯೇ ಈಗಲೂ ಕೆಲಸ ಮಾಡುತ್ತೇನೆ. ವಯಸ್ಸಾಗಿರುವ ದೊಡ್ಡಪ್ಪ ಈಗಲೂ ಆಗೀಗ, 'ಆ ಮೆಕ್ಯಾನಿಕ್ ಏನಾದ್ನೇ?' ಎಂದು ಕೇಳುತ್ತಾರೆ. 'ಚೆನ್ನಾಗಿದ್ದಾರೆ' ಎನ್ನುತ್ತೇನೆ.

ಸುಜಾತಾಳಿಗೆ ಈಗ ಜಗಳೂರಿಗೇ ವರ್ಗವಾಗಿದೆ. ರಿಪೇರಿಯಾದ ಗಿಟಾರನ್ನು ನಾನೇ ತೆಗೆದುಕೊಂಡು ಹೋದೆ. ಅವಳು ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಆ ಬೇಸಿಗೆಯಲ್ಲಿ ತೊಟ್ಟಿಲಲ್ಲಿದ್ದ ಕೂಸು ಈಗ ಶಾಲೆಗೆ ಹೋಗುವ ಹುಡುಗಿ, ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಬೇವಿನ ನೆರಳಿನಲ್ಲಿ ಹನುಮಂತಪ್ಪನವರು ಕೂತಿದ್ದರು. ಬಹಳ ಸೊರಗಿದ್ದರು. 'ಬರ್ರಿ' ಎಂದರು. ಗಿಟಾರನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಎರಡೂ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದರು. ತಂತಿಯನ್ನು ಮುಟ್ಟಲಿಲ್ಲ.

'ಎಡಗಡೀದು ನಿಮ್ದಲ್ಲೇನು?'

'ಹೌದು.'

'ನಂದಕ್ಕಿಂತ ಚಲೋ ಐತಿದು.'

ಎದುರಿನ ದಾರಿಯಲ್ಲಿ ಕುರಿಮಂದೆಯೊಂದು ಹೋಗುತ್ತಿತ್ತು. ಅದು ದಾಟಿತು. ಆಮೇಲೆ, ಕ್ಷಮೆ ಕೇಳುವುದಿಲ್ಲ, ಇದೊಂದನ್ನು ಕೇಳಿಬಿಡುತ್ತೇನೆ ಎಂದು ಧೈರ್ಯ ಮಾಡಿದೆ. ನನಗೆ ಬೇಕಾದ ಉತ್ತರ ನನಗೆ ಗೊತ್ತಿತ್ತು. ಅವರ ಬಾಯಿಂದ ಒಮ್ಮೆ ಬಂದರೆ ಸಾಕಿತ್ತು.

'ಅಂಕಲ್, ಅವತ್ತು ಕೈ ಬಿಡಬ್ಯಾಡ ಅಂದ್ರಲ್ಲ. ಯಾಕಂದ್ರಿ?'

ಅವರು ತಲೆಯೆತ್ತಿ ನೋಡಿದರು. ಹೆಬ್ಬೆರಳು ಇನ್ನೂ ಎಡ ಮಗ್ಗುಲಿನ ನಡುವಿನಲ್ಲಿಯೇ ಇತ್ತು.

'ಬಿಟ್ಟಿದ್ರೆ ಏನು ಮಾಡ್ತಿದ್ದಿ?'

ನಾನು ಬಾಯಿ ತೆರೆದೆ. ಅವರು ಕಾದರು. ಮದುವೆಯ ಊಟದ ಸಾಲು ನೆನಪಾಯಿತು, ಕೈಯಲ್ಲಿ ಯಾವ ಪಟ್ಟಿಯೂ ಇಲ್ಲದೆ ಹೋಳಿಗೆ ಮುರಿಯುತ್ತಿದ್ದದ್ದು ನೆನಪಾಯಿತು.

'ನೀನು ಏನೂ ಅಂತಿರ್ಲಿಲ್ಲ ಶೈಲಮ್ಮ. ನಂಗೆ ಗೊತ್ತಿತ್ತು' ಎಂದರು. 'ಕಟ್ಟಿಗೆನಾದ್ರೂ ಉಳೀಲಿ ಅಂದೆ.'

ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗಳನ್ನು ಕೂಗಿ ಗಿಟಾರನ್ನು ಒಳಗಿಡಲು ಹೇಳಿ, ಚಹಾ ಮಾಡಿಸಲು ಎದ್ದರು. ಇಷ್ಟು ವರ್ಷದ ಮೇಲೆ ನನ್ನನ್ನು ಮತ್ತೆ ನೀನು ಎಂದಿದ್ದರು.